ನಿಶ್ಚಿತಾರ್ಥದ ಉಂಗುರಕ್ಕೆ ವಜ್ರ ಆರಿಸುವ ಕ್ರಮ: ಮೊಳದ ದೂರದಿಂದ ಕಾಣುವುದೆಷ್ಟು, ಕಾಗದ ಹೇಳುವುದೆಷ್ಟು

ಉಂಗುರದಲ್ಲಿ ಕೂತ ವಜ್ರವನ್ನು ಯಾರೇ ಆಗಲಿ ನೋಡುವುದು, ಹತ್ತಿರವೆಂದರೆ, ಒಂದು ಮೊಳದ ದೂರದಿಂದ. ತೊಟ್ಟವರ ಕಣ್ಣಿಗೂ ಬೆರಳಿಗೂ ಇರುವ ಅಂತರ ಸುಮಾರಾಗಿ ಅಷ್ಟು. ಎದುರು ಕುಳಿತವರಿಗೆ ಅದಕ್ಕಿಂತ ಹೆಚ್ಚು. ಮಾರುವವರು ಮಾತ್ರ ಅದೇ ವಜ್ರವನ್ನು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಪರೀಕ್ಷಿಸಿ, ಮಿಲಿಗ್ರಾಂ ಲೆಕ್ಕದಲ್ಲಿ ತೂಗಿ, 23 ಮೆಟ್ಟಿಲುಗಳ ಬಣ್ಣದ ಏಣಿಯಲ್ಲಿ ಅದಕ್ಕೊಂದು ಮೆಟ್ಟಿಲು ಗೊತ್ತುಮಾಡಿ ಬೆಲೆ ಕಟ್ಟುತ್ತಾರೆ. ಈ ಎರಡು ಬಗೆಯ ನೋಟಗಳ ನಡುವಿನ ಸಂದಿಯಲ್ಲಿಯೇ ಕೊಳ್ಳುವವರ ಹಣ ಸೋರಿಹೋಗುತ್ತದೆ. ಆದ್ದರಿಂದ ಈ ಲೇಖನದ ಉದ್ದಕ್ಕೂ ಒಂದೇ ಅಳತೆಗೋಲನ್ನು ಇಟ್ಟುಕೊಳ್ಳೋಣ: ಮೊಳದ ದೂರದಿಂದ ಕಣ್ಣಿಗೆ ಕಾಣುವ ಗುಣಕ್ಕೆ ಧಾರಾಳವಾಗಿ ಖರ್ಚು ಮಾಡಬಹುದು, ಕಾಗದದ ಮೇಲೆ ಮಾತ್ರ ಕಾಣುವ ಗುಣಕ್ಕೆ ಕೈ ಬಿಗಿಹಿಡಿಯಬೇಕು.

ವಜ್ರದ ಮಾತೆತ್ತಿದರೆ ಮೊದಲು ಕಿವಿಗೆ ಬೀಳುವುದು ನಾಲ್ಕು ಕಕಾರಗಳು: ಕಟ್ (ಕೊಯ್ದ ಮುಖಗಳ ಗುಣ), ಕಲರ್ (ಬಣ್ಣ), ಕ್ಲಾರಿಟಿ (ಒಳಗೆ ಕಲೆ, ಬಿರುಕು ಇಲ್ಲದಿರುವಿಕೆ), ಕ್ಯಾರೆಟ್ (ತೂಕ). ರಾಬರ್ಟ್ ಶಿಪ್ಲಿ ಅವರು 1931ರಲ್ಲಿ ಸ್ಥಾಪಿಸಿದ ಅಮೆರಿಕದ ಜೆಮಾಲಾಜಿಕಲ್ ಇನ್‌ಸ್ಟಿಟ್ಯೂಟ್, ಅಂದರೆ ಜಿಐಎ, 1950ರ ದಶಕದಲ್ಲಿ ಇವುಗಳಿಗೆ ಈಗಿನ ದರ್ಜೆಗಳನ್ನು ರೂಪಿಸಿ ಬಳಕೆಗೆ ತಂದಿತು. ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ನಾಲ್ಕಕ್ಕೂ ಸಮನಾದ ತೂಕವಿದೆ ಎಂಬ ಭಾವನೆ ಹುಟ್ಟುತ್ತದೆ. ಕಣ್ಣಿನ ಲೆಕ್ಕದಲ್ಲಿ ಹಾಗಿಲ್ಲ. ಮೊದಲನೆಯದು ಉಳಿದ ಮೂರನ್ನೂ ಆಳುತ್ತದೆ.

ಮೊದಲ ಹೆಜ್ಜೆ: ಹರಳು ನೋಡುವ ಮುನ್ನ ಮೂರು ವಿಷಯ ಗೊತ್ತುಮಾಡಿಕೊಳ್ಳಿ

ಮೊದಲನೆಯದು ಹಣ. ಇಷ್ಟು ತಿಂಗಳ ಸಂಬಳವನ್ನು ಉಂಗುರಕ್ಕೆ ಖರ್ಚು ಮಾಡಬೇಕು ಎಂಬ ಮಾತು ಹಿರಿಯರಿಂದ ಬಂದ ಸಂಪ್ರದಾಯವೇನಲ್ಲ. ಎರಡು ತಿಂಗಳ ಸಂಬಳ ಎಂಬ ಲೆಕ್ಕ 1980ರ ದಶಕದ ಡಿ ಬಿಯರ್ಸ್ ಎಂಬ ವಜ್ರ ಕಂಪನಿಯ ಜಾಹೀರಾತುಗಳಲ್ಲಿ ಬಂದದ್ದು. ನಿಮಗೆ ಹೊರೆಯಾಗದ ಒಂದು ಮೊತ್ತವನ್ನು ಮನೆಯಲ್ಲಿಯೇ ನಿಶ್ಚಯಿಸಿ, ಅದರಿಂದ ಉಂಗುರದ ಲೋಹ, ಹರಳು ಕೂರಿಸುವ ಕೂಲಿ, ತೆರಿಗೆ ಮತ್ತು ವಿಮೆಯ ಪಾಲನ್ನು ಮೊದಲೇ ಕಳೆದುಬಿಡಿ. ಉಳಿದದ್ದು ಮಾತ್ರ ವಜ್ರದ ಹಣ. ಈ ಕಳೆಯುವ ಲೆಕ್ಕವನ್ನು ಅಂಗಡಿಯಲ್ಲಿ ಕುಳಿತು ಮಾಡಲು ಹೊರಟವರು ಬಹುಮಟ್ಟಿಗೆ ಸೋಲುತ್ತಾರೆ.

ಎರಡನೆಯದು ಉಂಗುರ ತೊಡುವವರ ದಿನಚರಿ. ಕೈಗವಸು ಹಾಕಿ ಕೆಲಸ ಮಾಡುವ ವೈದ್ಯರಿಗೆ, ಮಣ್ಣಿನಲ್ಲಿ ಕೈಯಾಡಿಸುವವರಿಗೆ, ಪುಟ್ಟ ಮಗುವನ್ನು ಎತ್ತಿ ಆಡಿಸುವವರಿಗೆ ಎತ್ತರಕ್ಕೆ ಎದ್ದು ನಿಂತ ಹರಳು ಪದೇ ಪದೇ ಸಿಕ್ಕಿಕೊಳ್ಳುವ ಮುಳ್ಳಾಗುತ್ತದೆ. ಇದು ಆಕಾರವನ್ನೂ ಕೂರಿಸುವ ಬಗೆಯನ್ನೂ ನಿರ್ಧರಿಸುವುದರಿಂದ ಮೊದಲೇ ಯೋಚಿಸಿಡುವುದು ಒಳ್ಳೆಯದು.

ಮೂರನೆಯದು, ಗಣಿಯಿಂದ ಬಂದ ವಜ್ರವೋ ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವೋ ಎಂಬ ತೀರ್ಮಾನ. ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಜ್ಞಾನಿಗಳು 1954ರ ಡಿಸೆಂಬರಿನಲ್ಲಿ ಅತಿ ಒತ್ತಡ ಮತ್ತು ಅತಿ ಉಷ್ಣತೆಯಲ್ಲಿ ವಜ್ರವನ್ನು ಸೃಷ್ಟಿಸಿ, ಮರುವರ್ಷ ಅದನ್ನು ಪ್ರಕಟಿಸಿದರು. ಆ ವಿಧಾನವನ್ನು ಈಗ ಎಚ್‌ಪಿಎಚ್‌ಟಿ ಎನ್ನುತ್ತಾರೆ. ಇಂಗಾಲವಿರುವ ಅನಿಲದಿಂದ ಪದರ ಪದರವಾಗಿ ಬೆಳೆಸುವ ಇನ್ನೊಂದು ವಿಧಾನಕ್ಕೆ ಸಿವಿಡಿ ಎಂದು ಹೆಸರು. ಎರಡರಲ್ಲೂ ದೊರೆಯುವುದು ನಿಜವಾದ ವಜ್ರವೇ: ಅದೇ ಇಂಗಾಲ, ಅದೇ ಗಡಸುತನ, ಅದೇ ಹೊಳಪು. ಬರಿಗಣ್ಣಿಗಾಗಲಿ ಭೂತಗನ್ನಡಿಗಾಗಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದನ್ನು ಪತ್ತೆಹಚ್ಚಲು ಪ್ರಯೋಗಾಲಯದ ಉಪಕರಣಗಳೇ ಬೇಕು. ವ್ಯತ್ಯಾಸವಿರುವುದು ಮಾರುಕಟ್ಟೆಯಲ್ಲಿ. ಬೆಳೆಸಿದ ವಜ್ರವನ್ನು ಬೇಕಾದಷ್ಟು ಉತ್ಪಾದಿಸಬಹುದಾದ್ದರಿಂದ ಅದರ ಬೆಲೆ ಈಚಿನ ವರ್ಷಗಳಲ್ಲಿ ಬಹಳ ಇಳಿದಿದೆ, ಮರುಮಾರಾಟದಲ್ಲಿ ಅದಕ್ಕೆ ಸಿಗುವುದು ಅತ್ಯಲ್ಪ. ಗಣಿಯ ವಜ್ರ ಕೊಂಡವರೂ ಇದನ್ನು ಕೇಳಿ ಹಿಗ್ಗಬೇಕಾಗಿಲ್ಲ: ಅಂಗಡಿಯಲ್ಲಿ ಕೊಟ್ಟ ಬೆಲೆ ಮರಳಿ ಮಾರುವಾಗ ಅವರಿಗೂ ಸಿಗುವುದು ಅಪರೂಪ. ವಜ್ರವನ್ನು ಹೂಡಿಕೆಯೆಂದು ಕೊಳ್ಳಲು ಹೊರಟವರಿಗೆ ಈ ಲೇಖನದಿಂದ ಉಪಯೋಗವಿಲ್ಲ.

ಗಣಿಯ ವಜ್ರವನ್ನೇ ಆರಿಸುವುದಾದರೆ ಅದರ ಮೂಲದ ಪ್ರಶ್ನೆಯೂ ಬರುತ್ತದೆ. ಬಂಡುಕೋರ ಪಡೆಗಳು ಯುದ್ಧಕ್ಕೆ ಹಣ ಹೊಂದಿಸಲು ಮಾರುವ ವಜ್ರವನ್ನು ತಡೆಯಲು 2003ರಲ್ಲಿ ಕಿಂಬರ್ಲಿ ಪ್ರಕ್ರಿಯೆ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ವ್ಯವಸ್ಥೆ ಜಾರಿಗೆ ಬಂತು. ಅದು ಅನ್ವಯಿಸುವುದು ಕೊಯ್ಯದ ಕಚ್ಚಾ ವಜ್ರಕ್ಕೆ ಮಾತ್ರ, ಅದೂ ಈ ಒಂದು ಬಗೆಯ ಹಿಂಸೆಗೆ ಮಾತ್ರ. ಗಣಿ ಕಾರ್ಮಿಕರ ಸ್ಥಿತಿಗತಿಯಾಗಲಿ ಪರಿಸರದ ಹಾನಿಯಾಗಲಿ ಅದರ ವ್ಯಾಪ್ತಿಯಲ್ಲಿಲ್ಲ. ನಿಮಗೆ ಇದು ಮುಖ್ಯವೆನಿಸಿದರೆ ವಜ್ರ ಯಾವ ದೇಶದ್ದು, ಯಾವ ಗಣಿಯದ್ದು ಎಂಬುದಕ್ಕೆ ಬರವಣಿಗೆಯಲ್ಲಿ ದಾಖಲೆ ಕೇಳಿ. ದಾಖಲೆ ಇಲ್ಲದ ಬಾಯಿಮಾತಿನ ಭರವಸೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಎರಡನೆಯ ಹೆಜ್ಜೆ: ಆಕಾರ

ಆಕಾರ ಬಹುಮಟ್ಟಿಗೆ ಅಭಿರುಚಿಯ ವಿಷಯ, ಆದರೆ ಪ್ರತಿಯೊಂದು ಆಕಾರದ ಜೊತೆಗೂ ಒಂದೊಂದು ಷರತ್ತು ಅಂಟಿಕೊಂಡಿರುತ್ತದೆ. 57 ಅಥವಾ 58 ಮುಖಗಳಿರುವ ದುಂಡನೆಯ ಬ್ರಿಲಿಯಂಟ್ ಆಕಾರ ಬೆಳಕನ್ನು ಹಿಂದಿರುಗಿಸುವುದರಲ್ಲಿ ಎಲ್ಲಕ್ಕಿಂತ ಮುಂದಿದ್ದು, ಬಣ್ಣವನ್ನೂ ಒಳಗಿನ ಕಲೆಗಳನ್ನೂ ಚೆನ್ನಾಗಿ ಮರೆಸುತ್ತದೆ. ಅದಕ್ಕೆ ತಕ್ಕಂತೆ ಬೆಲೆಯೂ ಹೆಚ್ಚು. ಅಂಡಾಕಾರದ ಓವಲ್, ಹನಿಯಾಕಾರದ ಪೇರ್, ದೋಣಿಯಾಕಾರದ ಮಾರ್ಕ್ವಿಸ್ ಹರಳುಗಳು ಅಷ್ಟೇ ತೂಕದ ದುಂಡು ಹರಳಿಗಿಂತ ದೊಡ್ಡದಾಗಿ ಕಂಡು ಬೆರಳನ್ನು ನೀಳವಾಗಿ ತೋರಿಸುತ್ತವೆ. ಆದರೆ ಇವುಗಳ ನಡುವೆ ಅಡ್ಡಲಾಗಿ, ಚಿಟ್ಟೆ ರೆಕ್ಕೆ ಬಿಚ್ಚಿದಂತೆ, ಕಪ್ಪು ನೆರಳೊಂದು ಕಾಣಿಸಿಕೊಳ್ಳುವುದುಂಟು. ಬೋ ಟೈ ಎಂದು ಕರೆಯುವ ಈ ನೆರಳು ಯಾವ ಪ್ರಮಾಣಪತ್ರದಲ್ಲಿಯೂ ದರ್ಜೆಯಾಗಿ ನಮೂದಾಗುವುದಿಲ್ಲ. ಹರಳನ್ನು ಕೈಯಲ್ಲಿ ಹಿಡಿದು ಆಚೀಚೆ ಓಲಾಡಿಸಿ, ನೆರಳು ಕದಲದೆ ಹಾಗೆಯೇ ಉಳಿದರೆ ಬೇರೆ ಹರಳು ಕೇಳಿ.

ಎಮರಾಲ್ಡ್ ಮತ್ತು ಆಶರ್ ಎಂಬ ಮೆಟ್ಟಿಲು ಕಟ್‌ನ ಆಕಾರಗಳಲ್ಲಿ ಮುಖಗಳು ಉದ್ದನೆಯ ಪಟ್ಟಿಗಳಾಗಿರುವುದರಿಂದ ಕಿಟಕಿಯ ಗಾಜಿನಲ್ಲಿ ಇಣುಕಿದ ಹಾಗೆ ಒಳಗೆಲ್ಲ ಕಾಣುತ್ತದೆ. ಅವುಗಳಿಗೆ ಕ್ಲಾರಿಟಿಯೂ ಬಣ್ಣವೂ ಒಂದೆರಡು ಮೆಟ್ಟಿಲು ಮೇಲಿರಬೇಕು. ಚೌಕನೆಯ ಪ್ರಿನ್ಸೆಸ್ ಹರಳಿನ ನಾಲ್ಕು ಮೂಲೆಗಳೂ ಪೇರ್, ಮಾರ್ಕ್ವಿಸ್ ಹರಳುಗಳ ಚೂಪು ತುದಿಗಳೂ ಸುಲಭವಾಗಿ ಸಿಡಿಯುತ್ತವೆ. ವಜ್ರ ಸಿಡಿಯುತ್ತದೆಯೇ ಎಂದು ಕೇಳುವವರಿದ್ದಾರೆ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10 ಎಂದರೆ ಅದನ್ನು ಗೀರುವುದು ಕಷ್ಟವೆಂದಷ್ಟೇ ಅರ್ಥ. ವಜ್ರದ ಹರಳಿನಲ್ಲಿ ಸೀಳುವ ದಿಕ್ಕುಗಳು ನಾಲ್ಕಿವೆ, ಆ ದಿಕ್ಕಿನಲ್ಲಿ ಬಲವಾದ ಪೆಟ್ಟು ಬಿದ್ದರೆ ಅದು ಬಿರಿಯುತ್ತದೆ.

ಮೂರನೆಯ ಹೆಜ್ಜೆ: ಕಟ್, ಹಣದ ಬಹುಪಾಲು ಹೋಗಬೇಕಾದ ಜಾಗ

ಕಟ್ ಎಂದರೆ ಆಕಾರವೆಂದು ತಿಳಿಯುವುದು ಸಾಮಾನ್ಯ ತಪ್ಪು. ಆಕಾರ ಯಾವುದೇ ಇರಲಿ, ಮುಖಗಳ ಕೋನ, ಅಳತೆ, ಒಂದಕ್ಕೊಂದು ಇರುವ ಹೊಂದಾಣಿಕೆ ಮತ್ತು ಮೆರುಗು, ಇವುಗಳ ಒಟ್ಟು ಗುಣಕ್ಕೆ ಕಟ್ ಎಂದು ಹೆಸರು. ನಾಲ್ಕು ಕಕಾರಗಳಲ್ಲಿ ಕುಶಲಕರ್ಮಿಯ ಕೈಯಲ್ಲಿ ಪೂರ್ತಿಯಾಗಿ ಇರುವುದು ಇದೊಂದೇ. ಉಳಿದವು ಬಹುಮಟ್ಟಿಗೆ ಕಚ್ಚಾ ಹರಳಿನೊಂದಿಗೇ ಬರುತ್ತವೆ.

ಇದು ಏಕೆ ಇಷ್ಟು ಮುಖ್ಯವೆಂದು ತಿಳಿಯಲು ಬೆಳಕಿನ ದಾರಿಯನ್ನು ಸ್ವಲ್ಪ ಹಿಂಬಾಲಿಸಬೇಕು. ವಜ್ರದ ವಕ್ರೀಭವನಾಂಕ, ಅಂದರೆ ಬೆಳಕನ್ನು ಬಾಗಿಸುವ ಶಕ್ತಿಯ ಅಳತೆ, 2.42. ಒಳಹೊಕ್ಕ ಬೆಳಕು ಕೆಳಭಾಗದ ಇಳಿಜಾರು ಮುಖಕ್ಕೆ ನೆಟ್ಟಗೆ, ಅಂದರೆ ಲಂಬರೇಖೆಯಿಂದ ಸುಮಾರು 24.4 ಡಿಗ್ರಿಯೊಳಗೆ ಬಡಿದರೆ ಅದರ ಬಹುಪಾಲು ಹೊರಗೆ ಸೋರಿಹೋಗುತ್ತದೆ. ಅದಕ್ಕಿಂತ ಓರೆಯಾಗಿ ಬಡಿದರೆ ಕನ್ನಡಿಗೆ ಬಡಿದಂತೆ ಪೂರ್ತಿಯಾಗಿ ಹಿಂದಿರುಗುತ್ತದೆ. ಕೆಳಭಾಗದ ಕೋನ ಸರಿಯಾಗಿದ್ದರೆ ಬೆಳಕು ಒಂದು ಬದಿಯ ಮುಖಕ್ಕೆ ಬಡಿದು, ಎದುರು ಬದಿಗೆ ಹಾರಿ, ಅಲ್ಲಿಂದ ಮೇಲಕ್ಕೆ, ನೋಡುವವರ ಕಣ್ಣಿಗೆ ಬರುತ್ತದೆ. ಕೆಳಭಾಗ ತೀರ ಚಪ್ಪಟೆಯಾಗಿದ್ದರೆ ನಡುವೆ ಮೀನಿನ ಕಣ್ಣಿನಂತಹ ಬಿಳಿ ಉಂಗುರ ಕಾಣುತ್ತದೆ. ತೀರ ಆಳವಾಗಿದ್ದರೆ ನಡುವೆ ಮೊಳೆಯ ತಲೆಯಂತಹ ಕಪ್ಪು ಕಲೆ ಕಾಣುತ್ತದೆ. ಎರಡೂ ಮೊಳದ ದೂರದಿಂದಲೇ ಗೊತ್ತಾಗುವ ದೋಷಗಳು.

ಗಣಿತದ ಮೂಲಕ ಈ ಕೋನಗಳನ್ನು ಲೆಕ್ಕ ಹಾಕಿ 1919ರಲ್ಲಿ ಪ್ರಕಟಿಸಿದವರು ಮಾರ್ಸೆಲ್ ಟೋಲ್ಕೋವ್‌ಸ್ಕಿ. ಅವರು ಕೆಳಭಾಗಕ್ಕೆ 40.75 ಡಿಗ್ರಿ, ಮೇಲ್ಭಾಗಕ್ಕೆ 34.5 ಡಿಗ್ರಿ ಎಂದು ನಿಗದಿಪಡಿಸಿದರು. ಇವತ್ತಿಗೂ ಒಳ್ಳೆಯ ದುಂಡು ವಜ್ರಗಳು ಇದರ ಆಸುಪಾಸಿನಲ್ಲಿಯೇ ಸುತ್ತುತ್ತವೆ. ಪ್ರಮಾಣಪತ್ರವನ್ನು ಕೈಗೆ ತೆಗೆದುಕೊಂಡಾಗ ದುಂಡು ವಜ್ರಕ್ಕೆ ನಾನು ನೋಡುವುದು ಇವನ್ನು: ಪೆವಿಲಿಯನ್ ಎಂದು ಬರೆದಿರುವ ಕೆಳಭಾಗದ ಕೋನ 40.6ರಿಂದ 41 ಡಿಗ್ರಿ, ಕ್ರೌನ್ ಎಂಬ ಮೇಲ್ಭಾಗದ ಕೋನ 34ರಿಂದ 35 ಡಿಗ್ರಿ, ಟೇಬಲ್ ಎಂಬ ಮೇಲಿನ ಚಪ್ಪಟೆ ಮುಖ ವ್ಯಾಸದ ಶೇ 54ರಿಂದ 58, ಒಟ್ಟು ಆಳ ವ್ಯಾಸದ ಶೇ 60ರಿಂದ 62.5. ಈ ಗಡಿಯ ಹೊರಗೆ ಒಳ್ಳೆಯ ಹರಳುಗಳಿಲ್ಲವೆಂದಲ್ಲ, ಆದರೆ ಗಡಿಯೊಳಗೆ ಹುಡುಕಿದರೆ ಕೆಟ್ಟದ್ದು ಕೈಗೆ ಸಿಗುವುದು ಕಡಿಮೆ.

ಜಿಐಎ 2006ರಿಂದ ದುಂಡು ಬ್ರಿಲಿಯಂಟ್‌ಗಳಿಗೆ ಎಕ್ಸಲೆಂಟ್, ವೆರಿ ಗುಡ್, ಗುಡ್, ಫೇರ್, ಪೂರ್ ಎಂಬ ಐದು ಕಟ್ ದರ್ಜೆಗಳನ್ನು ಕೊಡುತ್ತಿದೆ. ನನ್ನ ಸಲಹೆ ಖಚಿತವಾದದ್ದು: ದುಂಡು ವಜ್ರವಾದರೆ ಎಕ್ಸಲೆಂಟ್‌ಗಿಂತ ಕೆಳಗೆ ಇಳಿಯಬೇಡಿ, ಮೊತ್ತ ಸಾಲದಿದ್ದರೆ ತೂಕವನ್ನು ಇಳಿಸಿ, ಬಣ್ಣವನ್ನು ಇಳಿಸಿ, ಕಟ್ ಅನ್ನು ಮಾತ್ರ ಮುಟ್ಟಬೇಡಿ. ಉಳಿದ ಆಕಾರಗಳ ಜಿಐಎ ವರದಿಯಲ್ಲಿ ಸಾಮಾನ್ಯವಾಗಿ ಕಟ್ ದರ್ಜೆಯ ಸಾಲು ಇರುವುದಿಲ್ಲ, ಮೆರುಗು ಮತ್ತು ಸಮಮಿತಿಯ ದರ್ಜೆಗಳಷ್ಟೇ ಇರುತ್ತವೆ. ‘ಎಲ್ಲವೂ ಎಕ್ಸಲೆಂಟ್’ ಎಂದು ಅಂಗಡಿಯವರು ಓವಲ್ ಹರಳನ್ನು ತೋರಿಸಿದರೆ ಆ ಎಕ್ಸಲೆಂಟ್ ಯಾವುದಕ್ಕೆ ಎಂದು ಕೇಳುವ ಹಕ್ಕು ನಿಮಗಿದೆ.

ಕಟ್ ಕೆಟ್ಟರೆ ತೂಕವೂ ಮೋಸ ಮಾಡುತ್ತದೆ ಎಂಬುದನ್ನು ನಾನು ಕಲಿತದ್ದು ಬಂಧುವೊಬ್ಬರ ಉಂಗುರದಿಂದ. ಬಿಲ್ಲಿನಲ್ಲಿ ಒಂದು ಕ್ಯಾರೆಟ್ ಎಂದೇ ಇತ್ತು, ತೂಕವೂ ಸರಿಯಾಗಿತ್ತು, ಆದರೂ ಉಂಗುರ ಏಕೋ ಸಣ್ಣದಾಗಿ, ಮಂಕಾಗಿ ಕಾಣುತ್ತಿತ್ತು. ಪ್ರಮಾಣಪತ್ರ ತೆಗೆದು ನೋಡಿದರೆ ವ್ಯಾಸ 6.2 ಮಿಲಿಮೀಟರ್, ಆಳ ಶೇ 68. ಒಳ್ಳೆಯ ಕಟ್‌ನ ಒಂದು ಕ್ಯಾರೆಟ್ ದುಂಡು ವಜ್ರದ ವ್ಯಾಸ ಸುಮಾರು 6.4ರಿಂದ 6.5 ಮಿಲಿಮೀಟರ್ ಇರಬೇಕು. 6.2 ಎಂಬುದು 0.90 ಕ್ಯಾರೆಟ್‌ನ ಒಳ್ಳೆಯ ಹರಳಿನ ವ್ಯಾಸ. ಉಳಿದ ಹತ್ತನೆಯ ಒಂದು ಭಾಗ ತೂಕವೆಲ್ಲ ಹರಳಿನ ಹೊಟ್ಟೆಯಲ್ಲಿ, ಲೋಹದ ಮರೆಯಲ್ಲಿ, ಯಾರ ಕಣ್ಣಿಗೂ ಬೀಳದೆ ಕೂತಿತ್ತು. ಅದಕ್ಕೂ ಹಣ ತೆತ್ತಾಗಿತ್ತು.

ನಾಲ್ಕನೆಯ ಹೆಜ್ಜೆ: ಬಣ್ಣ

ಬಣ್ಣದ ಏಣಿ ಇಂಗ್ಲಿಷಿನ ಡಿ ಅಕ್ಷರದಿಂದ ಜೆಡ್ ವರೆಗೆ ಇದೆ. ಎ, ಬಿ, ಸಿ ಎಂಬ ಗುರುತುಗಳನ್ನು ಹಿಂದಿನ ವ್ಯಾಪಾರಿಗಳು ತಮತಮಗೆ ತೋಚಿದಂತೆ ಬಳಸಿ ಗೊಂದಲ ಎಬ್ಬಿಸಿದ್ದರಿಂದ ಹೊಸ ಪದ್ಧತಿಯನ್ನು ಡಿಯಿಂದಲೇ ಆರಂಭಿಸಲಾಯಿತು. ಡಿ, ಇ, ಎಫ್ ಬಣ್ಣರಹಿತ. ಜಿಯಿಂದ ಜೆ ವರೆಗೆ ಬಹುತೇಕ ಬಣ್ಣರಹಿತ. ಕೆಯಿಂದ ಎಂ ವರೆಗೆ ತುಸು ಹಳದಿ ಛಾಯೆ. ಅಲ್ಲಿಂದಾಚೆ ಛಾಯೆ ಗಾಢವಾಗುತ್ತ ಹೋಗುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಬಿಳಿಯ ಹಾಳೆಯೊಂದನ್ನು ನಡುವೆ ಮಡಿಸಿ, ಅರ್ಧ ತೆರೆದ ಪುಸ್ತಕದಂತೆ ಮೇಜಿನ ಮೇಲಿಡಿ. ಕೂರಿಸದ ಬಿಡಿ ಹರಳನ್ನು ಆ ಮಡಿಕೆಯಲ್ಲಿ ತಲೆಕೆಳಗಾಗಿ ಇಟ್ಟು, ನೇರ ಬಿಸಿಲಿಲ್ಲದ ಕಿಟಕಿಯ ಬೆಳಕಿನಲ್ಲಿ ಪಕ್ಕದಿಂದ ನೋಡಿ. ಪಕ್ಕದಲ್ಲಿ ಒಂದು ಎಫ್ ಹರಳನ್ನೂ ಒಂದು ಜೆ ಹರಳನ್ನೂ ಇಡಲು ಹೇಳಿದರೆ, ಜೆ ಹರಳಿನ ಒಡಲಲ್ಲಿ ಹಳೆಯ ದಂತದಂತಹ ಛಾಯೆ ನಿಮಗೇ ಗೋಚರಿಸುತ್ತದೆ. ಈಗ ಮೂರನ್ನೂ ಮುಖ ಮೇಲಾಗಿ ತಿರುಗಿಸಿ, ಕೈಚಾಚಿ ಮೊಳದ ದೂರದಲ್ಲಿ ಹಿಡಿದು ನೋಡಿ. ಕಟ್ ಚೆನ್ನಾಗಿದ್ದರೆ, ಅದುವರೆಗೆ ಕಂಡ ವ್ಯತ್ಯಾಸದ ಬಹುಪಾಲು ಮಿನುಗಿನಲ್ಲಿ ಕರಗಿಹೋಗಿರುತ್ತದೆ. ಉಂಗುರ ತೊಟ್ಟಾಗ ಹರಳಿನ ಮುಖ ಮೇಲೆಯೇ ಇರುತ್ತದಲ್ಲವೇ?

ಲೋಹದ ಬಣ್ಣವೂ ಇಲ್ಲಿ ಕೆಲಸ ಮಾಡುತ್ತದೆ. ಹಳದಿ ಅಥವಾ ಕೆಂಪು ಚಿನ್ನದಲ್ಲಿ ಕೂರಿಸುವ ಹರಳಿಗೆ ಡಿ ದರ್ಜೆ ಕೊಳ್ಳುವುದು ದಂಡ; ಲೋಹದ ಛಾಯೆಯೇ ಹರಳಿನೊಳಗೆ ಪ್ರತಿಫಲಿಸುವುದರಿಂದ ಜೆ, ಕೆ ದರ್ಜೆಯವೂ ಅಲ್ಲಿ ಬೆಳ್ಳಗೆ ಕಾಣುತ್ತವೆ. ಪ್ಲಾಟಿನಂ ಅಥವಾ ಬಿಳಿ ಚಿನ್ನವಾದರೆ ಜಿ ಅಥವಾ ಎಚ್ ಸಾಕು. ಓವಲ್, ಪೇರ್ ಹರಳುಗಳ ತುದಿಯಲ್ಲಿ ಬಣ್ಣ ಮಡುಗಟ್ಟುವುದರಿಂದ ಅಲ್ಲಿ ಒಂದು ಮೆಟ್ಟಿಲು ಮೇಲೆ ಹೋಗುವುದು ವಿವೇಕ.

ಬಣ್ಣದ ಪಕ್ಕದಲ್ಲಿಯೇ ಫ್ಲೋರೆಸೆನ್ಸ್ ಎಂಬ ಸಾಲಿರುತ್ತದೆ: ನೇರಳಾತೀತ ಬೆಳಕಿನಲ್ಲಿ ಕೆಲವು ವಜ್ರಗಳು, ಹೆಚ್ಚಾಗಿ ನೀಲಿಯಾಗಿ, ಹೊಳೆಯುತ್ತವೆ. ಕೆಳದರ್ಜೆಯ ಬಣ್ಣದ ಹರಳಿಗೆ ಇದರಿಂದ ಒಳಿತೇ ಆಗಬಹುದು, ಏಕೆಂದರೆ ನೀಲಿ ಹಳದಿಯನ್ನು ತಗ್ಗಿಸುತ್ತದೆ. ಸ್ಟ್ರಾಂಗ್ ಅಥವಾ ವೆರಿ ಸ್ಟ್ರಾಂಗ್ ಎಂದಿದ್ದರೆ ಮಾತ್ರ ಬಿಸಿಲಿಗೆ ಹಿಡಿದು, ಹಾಲು ಕಲೆಸಿದ ನೀರಿನಂತಹ ಮಬ್ಬು ಇದೆಯೇ ಎಂದು ನೋಡಿ. ಮಬ್ಬು ಬರುವುದು ವಿರಳ. ಇಲ್ಲದಿದ್ದರೆ ರಿಯಾಯಿತಿ ಕೇಳಿ ಕೊಳ್ಳಬಹುದು.

ಐದನೆಯ ಹೆಜ್ಜೆ: ಕ್ಲಾರಿಟಿ

ಕ್ಲಾರಿಟಿಯಲ್ಲಿ ಹನ್ನೊಂದು ದರ್ಜೆಗಳಿವೆ. ಮೇಲೆ ಕಲೆಯೇ ಇಲ್ಲದ ಎಫ್‌ಎಲ್ ಮತ್ತು ಒಳಗೆ ಕಲೆಯಿಲ್ಲದ ಐಎಫ್, ನಂತರ ಕಲೆ ಹೆಚ್ಚುತ್ತ ಹೋಗುವ ವಿವಿಎಸ್1, ವಿವಿಎಸ್2, ವಿಎಸ್1, ವಿಎಸ್2, ಎಸ್‌ಐ1, ಎಸ್‌ಐ2, ಕೊನೆಯಲ್ಲಿ ಐ1, ಐ2, ಐ3. ಎಲ್ಲವನ್ನೂ ಹತ್ತು ಪಟ್ಟು ಹಿಗ್ಗಿಸಿ ನೋಡಿ ತೀರ್ಮಾನಿಸುತ್ತಾರೆ ಎಂಬುದನ್ನು ಮರೆಯಬೇಡಿ. ವಿಎಸ್2 ಹರಳಿನ ಕಲೆಯನ್ನು ಬರಿಗಣ್ಣಿನಿಂದ ಹುಡುಕುವುದು ಸಾಮಾನ್ಯವಾಗಿ ವ್ಯರ್ಥ ಪ್ರಯತ್ನ. ಎಸ್‌ಐ1ರಲ್ಲಿಯೂ ದುಂಡು ಹರಳಾದರೆ ಅನೇಕ ಬಾರಿ ಏನೂ ಕಾಣುವುದಿಲ್ಲ. ಹಾಗಾಗಿ ವಿವಿಎಸ್‌ಗೆ ಕೊಡುವ ಹೆಚ್ಚಿನ ಹಣ ಮೊಳದ ದೂರದ ಲೆಕ್ಕದಲ್ಲಿ ನಷ್ಟ. ದುಂಡು ಹರಳಿಗೆ ವಿಎಸ್2 ಅಥವಾ ನೋಡಿ ಆರಿಸಿದ ಎಸ್‌ಐ1, ಮೆಟ್ಟಿಲು ಕಟ್‌ನ ಹರಳಿಗೆ ವಿಎಸ್1, ಇವೇ ನನಗೆ ಸರಿಯೆನಿಸುವ ಮಿತಿಗಳು.

ದರ್ಜೆಗಿಂತ ಕಲೆಯ ಜಾಗ ಮತ್ತು ಜಾತಿ ಮುಖ್ಯ. ಅಂಚಿನಲ್ಲಿರುವ ಬಿಳಿಯ ಚುಕ್ಕೆಯನ್ನು ಹರಳು ಹಿಡಿಯುವ ಲೋಹದ ಕೊಕ್ಕೆಯೊಂದು ಮುಚ್ಚಿಬಿಡುತ್ತದೆ. ಟೇಬಲ್‌ನ ನಡುವಿನ ಕಪ್ಪು ಕಣ ಕೆಳಗಿನ ಮುಖಗಳಲ್ಲಿ ಪ್ರತಿಬಿಂಬಿಸಿ ಒಂದು ಹತ್ತಾಗಿ ಕಾಣಬಹುದು. ಫೆದರ್ ಎಂದು ಕರೆಯುವ ಬಿರುಕು ಅಂಚನ್ನು ಮುಟ್ಟಿದ್ದರೆ, ಅದರಲ್ಲೂ ಚೂಪು ಮೂಲೆಯಲ್ಲಿದ್ದರೆ, ಕೂರಿಸುವಾಗಲೇ ಸಿಡಿಯುವ ಭಯವಿದೆ. ವರದಿಯ ಷರಾ ಭಾಗದಲ್ಲಿ ‘ಚಿತ್ರದಲ್ಲಿ ತೋರಿಸದ ಕ್ಲೌಡ್‌ಗಳ ಆಧಾರದ ಮೇಲೆ ದರ್ಜೆ’ ಎಂಬ ಅರ್ಥದ ಸಾಲಿದ್ದು, ದರ್ಜೆ ಎಸ್‌ಐ ಆಗಿದ್ದರೆ, ಸೂಕ್ಷ್ಮ ಕಣಗಳ ಮೋಡ ಇಡೀ ಹರಳನ್ನು ಮಂಕಾಗಿಸಿರಬಹುದು. ಅಂಥದ್ದನ್ನು ಕಣ್ಣಾರೆ ನೋಡದೆ ಕೊಳ್ಳಬೇಡಿ.

ಭೂತಗನ್ನಡಿ ಹಿಡಿಯುವುದಕ್ಕೂ ಒಂದು ರೀತಿ ಇದೆ. ಹೊಸಬರು ಅದನ್ನು ಹರಳಿನ ಹತ್ತಿರ ಹಿಡಿದು ತಾವು ದೂರ ನಿಲ್ಲುತ್ತಾರೆ, ಏನೂ ಕಾಣದೆ ತಲೆಯಾಡಿಸುತ್ತಾರೆ. ಗಾಜನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಇಟ್ಟು, ಎರಡೂ ಕಣ್ಣುಗಳನ್ನು ತೆರೆದಿಟ್ಟುಕೊಂಡು, ಹರಳನ್ನು ಎರಡೂವರೆ ಸೆಂಟಿಮೀಟರ್ ದೂರಕ್ಕೆ ತರಬೇಕು. ಎರಡು ಕೈಗಳೂ ಒಂದಕ್ಕೊಂದು ಆತುಕೊಂಡಿದ್ದರೆ ನಡುಗುವುದಿಲ್ಲ.

ಆರನೆಯ ಹೆಜ್ಜೆ: ತೂಕ

ಮೊದಲಿಗೆ ಒಂದು ಗೊಂದಲ ನಿವಾರಿಸೋಣ. ಚಿನ್ನದ ಶುದ್ಧತೆಯ ಕ್ಯಾರೆಟ್ಟೂ ವಜ್ರದ ತೂಕದ ಕ್ಯಾರೆಟ್ಟೂ ಕನ್ನಡದಲ್ಲಿ ಒಂದೇ ಕಾಗುಣಿತದಲ್ಲಿ ಬರುತ್ತವೆ, ಆದರೆ ಒಂದಕ್ಕೊಂದು ಸಂಬಂಧಪಡದ ಅಳತೆಗಳು. ಚಿನ್ನದ್ದು 24ರಲ್ಲಿ ಎಷ್ಟು ಪಾಲು ಎಂಬ ಲೆಕ್ಕ. ವಜ್ರದ್ದು 1907ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿದ 0.2 ಗ್ರಾಂ. ಒಂದು ಕ್ಯಾರೆಟ್‌ಗೆ ನೂರು ಪಾಯಿಂಟ್. ಅರ್ಧ ಕ್ಯಾರೆಟ್ ಹರಳನ್ನು 50 ಪಾಯಿಂಟ್ ಎನ್ನುವುದು ರೂಢಿ.

ತೂಕ ಇಮ್ಮಡಿಯಾದರೆ ಬೆಲೆ ಇಮ್ಮಡಿಗಿಂತ ಬಹಳ ಹೆಚ್ಚಾಗುತ್ತದೆ, ದೊಡ್ಡ ಹರಳುಗಳು ಅಪರೂಪವಾದ್ದರಿಂದ. ನೋಟದಲ್ಲಿ ಮಾತ್ರ ಹಾಗಲ್ಲ: ಅರ್ಧ ಕ್ಯಾರೆಟ್‌ನ ದುಂಡು ಹರಳು ಸುಮಾರು 5.1 ಮಿಲಿಮೀಟರ್ ಅಗಲ, ಒಂದು ಕ್ಯಾರೆಟ್‌ನದು 6.5ರ ಒಳಗೆ, ಎರಡು ಕ್ಯಾರೆಟ್‌ನದು 8.1ರ ಆಸುಪಾಸು. ಅದಲ್ಲದೆ 0.50, 0.70, 1.00, 1.50 ಎಂಬ ಪೂರ್ಣ ಅಂಕಿಗಳಲ್ಲಿ ಕ್ಯಾರೆಟ್ ಒಂದರ ದರ ಒಮ್ಮೆಲೇ ಜಿಗಿಯುತ್ತದೆ. 1.00 ಮತ್ತು 0.90 ಕ್ಯಾರೆಟ್‌ನ ಎರಡು ಒಳ್ಳೆಯ ಹರಳುಗಳ ವ್ಯಾಸದ ವ್ಯತ್ಯಾಸ ಸುಮಾರು 0.2 ಮಿಲಿಮೀಟರ್, ಅಂದರೆ ಎರಡು ಹಾಳೆ ಕಾಗದದಷ್ಟು. ಆ ಎರಡು ಹಾಳೆಗಾಗಿ ಕೊಡುವ ಮೊತ್ತವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿ. ಬಹಳ ಜನ ಅಲ್ಲಿಯೇ 0.90ಕ್ಕೆ ಇಳಿಯುತ್ತಾರೆ.

ಏಳನೆಯ ಹೆಜ್ಜೆ: ಪ್ರಮಾಣಪತ್ರ ಮತ್ತು ಗುರುತು

ಮಾರಾಟಗಾರರದ್ದಲ್ಲದ, ಸ್ವತಂತ್ರ ಪ್ರಯೋಗಾಲಯದ ವರದಿ ಇಲ್ಲದೆ ಹೇಳಿಕೊಳ್ಳುವಂತಹ ಗಾತ್ರದ ವಜ್ರ ಕೊಳ್ಳಬೇಡಿ. ಜಿಐಎ, ಐಜಿಐ, ಎಚ್‌ಆರ್‌ಡಿ ಆಂಟ್‌ವರ್ಪ್ ಹೆಸರುವಾಸಿಯಾದವು. ದರ್ಜೆ ಕೊಡುವುದು ಮನುಷ್ಯರೇ ಆದ್ದರಿಂದ ಎಲ್ಲ ಪ್ರಯೋಗಾಲಯಗಳ ಬಿಗಿ ಒಂದೇ ಸಮನಲ್ಲ. ಎರಡು ಹರಳುಗಳ ಬೆಲೆ ಹೋಲಿಸುವಾಗ ಒಂದೇ ಪ್ರಯೋಗಾಲಯದ ವರದಿಗಳನ್ನು ಎದುರುಬದುರು ಇಟ್ಟು ಹೋಲಿಸಿ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರಗಳಿಗೆ ಜಿಐಎ 2025ರಲ್ಲಿ ಹಳೆಯ ದರ್ಜೆಗಳನ್ನು ಕೈಬಿಟ್ಟು ಪ್ರೀಮಿಯಂ, ಸ್ಟ್ಯಾಂಡರ್ಡ್ ಎಂಬ ಎರಡೇ ವರ್ಗಗಳಿಗೆ ಬದಲಾಯಿಸಿಕೊಂಡಿದೆ. ಆದ್ದರಿಂದ ಅಂಥ ಹರಳಿನ ಹಳೆಯ ಮತ್ತು ಹೊಸ ವರದಿಗಳು ಒಂದೇ ರೀತಿ ಇರುವುದಿಲ್ಲ.

ವರದಿಯ ಸಂಖ್ಯೆಯನ್ನು ಪ್ರಯೋಗಾಲಯದ ಜಾಲತಾಣದಲ್ಲಿ ನಮೂದಿಸಿ ವಿವರಗಳು ತಾಳೆಯಾಗುತ್ತವೆಯೇ ನೋಡಿ. ಅನೇಕ ಹರಳುಗಳ ನಡುಪಟ್ಟಿಯ ಮೇಲೆ, ಅಂದರೆ ಮೇಲ್ಭಾಗ ಮತ್ತು ಕೆಳಭಾಗ ಕೂಡುವ ಗರ್ಡಲ್ ಎಂಬ ಅಂಚಿನಲ್ಲಿ, ಅದೇ ಸಂಖ್ಯೆಯನ್ನು ಲೇಸರ್‌ನಿಂದ ಕೊರೆದಿರುತ್ತಾರೆ. ಭೂತಗನ್ನಡಿಯಲ್ಲಿ ಅದನ್ನು ನಿಮ್ಮ ಕಣ್ಣಿನಿಂದಲೇ ಓದಿ. ಬಿರುಕಿಗೆ ಗಾಜಿನಂತಹ ಪದಾರ್ಥ ತುಂಬಿದ, ಲೇಸರ್‌ನಿಂದ ತೂತು ಕೊರೆದು ಕಲೆ ತೆಗೆದ ಹರಳುಗಳೂ ಮಾರುಕಟ್ಟೆಯಲ್ಲಿವೆ. ತುಂಬಿಸಿದ ಪದಾರ್ಥ ಅಕ್ಕಸಾಲಿಗರ ಬೆಂಕಿಯ ಶಾಖಕ್ಕೆ ಕರಗಿ ಕೆಡಬಹುದು, ಆದ್ದರಿಂದ ‘ಯಾವುದೇ ಸಂಸ್ಕರಣೆ ಆಗಿಲ್ಲ’ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಉಸಿರು ಬಿಟ್ಟು ಆವಿ ಎಷ್ಟು ಬೇಗ ಆರುತ್ತದೆ ಎಂದು ನೋಡುವ ಮನೆಮದ್ದಿನಂತಹ ಪರೀಕ್ಷೆಗಳನ್ನು ನಂಬಬೇಡಿ. ಶಾಖವಾಹಕತೆ ಅಳೆಯುವ ಪುಟ್ಟ ಯಂತ್ರ ಕೂಡ ಮಾಯಿಸನೈಟ್ ಎಂಬ ಹರಳನ್ನು ವಜ್ರವೆಂದೇ ಹೇಳಿಬಿಡುತ್ತದೆ. ಮಾಯಿಸನೈಟನ್ನು ಸ್ವಲ್ಪ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಹಿಂಬದಿಯ ಮುಖಗಳ ಗೆರೆಗಳು ಜೋಡಿ ಜೋಡಿಯಾಗಿ ಕಾಣುತ್ತವೆ, ವಜ್ರದಲ್ಲಿ ಒಂಟಿಯಾಗಿರುತ್ತವೆ.

ಎಂಟನೆಯ ಹೆಜ್ಜೆ: ಅಂಗಡಿಯ ದೀಪದಿಂದ ಆಚೆ ತಂದು ನೋಡುವುದು

ಒಡವೆ ಅಂಗಡಿಯ ಚಾವಣಿಯಲ್ಲಿರುವ ಮೊನಚು ದೀಪಗಳ ಕೆಳಗೆ ಒಡೆದ ಗಾಜೂ ಮಿನುಗುತ್ತದೆ. ಅಲ್ಲಿ ಎಲ್ಲ ಹರಳುಗಳೂ ಚೆಂದ, ಅಲ್ಲಿ ಯಾವುದನ್ನೂ ಆರಿಸಲಾಗದು. ಎರಡು ಮೂರು ಹರಳುಗಳನ್ನು ಒಟ್ಟಿಗೆ ಹಿಡಿದು ಕಿಟಕಿಯ ಬಳಿ ಹೋಗಿ, ಟ್ಯೂಬ್‌ಲೈಟಿನ ಕೆಳಗೆ ನಿಂತು, ಕೊನೆಗೆ ಮೇಜಿನ ನೆರಳಿನೊಳಗೆ ಚಾಚಿ ನೋಡಿ. ಒಳ್ಳೆಯ ಕಟ್‌ನ ಹರಳು ಮಂದ ಬೆಳಕಿನಲ್ಲಿಯೂ ಅಂಚಿನಿಂದ ಅಂಚಿನವರೆಗೆ ಬೆಳಗಿರುತ್ತದೆ; ಸಾಧಾರಣ ಹರಳು ನಡುವೆಯೋ ಅಂಚಿನಲ್ಲಿಯೋ ಸತ್ತುಹೋದಂತೆ ಕಪ್ಪಿಡುತ್ತದೆ. ನೋಡುವ ಮೊದಲು ಹರಳನ್ನು ಒರೆಸಿಕೊಡಲು ಹೇಳಿ, ಏಕೆಂದರೆ ವಜ್ರಕ್ಕೆ ಜಿಡ್ಡು ಬಹಳ ಬೇಗ ಅಂಟುತ್ತದೆ. ಗಣಿಗಳಲ್ಲಿ ಗ್ರೀಸ್ ಬಳಿದ ಹಲಗೆಯ ಮೇಲೆ ಅದಿರನ್ನು ಹಾಯಿಸಿ ವಜ್ರವನ್ನು ಬೇರ್ಪಡಿಸುತ್ತಿದ್ದದ್ದು ಇದೇ ಗುಣದಿಂದ.

ಒಂಬತ್ತನೆಯ ಹೆಜ್ಜೆ: ಕೂರಿಸುವುದು

ಹರಳನ್ನು ಆರು ಕೊಕ್ಕೆಗಳು ಹಿಡಿದಿದ್ದರೆ ಒಂದು ಸಡಿಲವಾದರೂ ಉಳಿದವು ಕಾಪಾಡುತ್ತವೆ. ನಾಲ್ಕಿದ್ದರೆ ಹರಳು ಹೆಚ್ಚು ಕಾಣುತ್ತದೆ, ಅಪಾಯವೂ ಹೆಚ್ಚು. ಚೂಪು ತುದಿಗಳಿಗೆ ಇಂಗ್ಲಿಷಿನ ವಿ ಅಕ್ಷರದಂತೆ ತಬ್ಬಿ ಹಿಡಿಯುವ ಕೊಕ್ಕೆ ಬೇಕೇ ಬೇಕು. ಕೈಕೆಲಸ ಹೆಚ್ಚಿರುವವರಿಗೆ ಲೋಹದ ಪಟ್ಟಿ ಸುತ್ತಲೂ ಆವರಿಸುವ ಬೆಜೆಲ್ ಎಂಬ ಬಗೆ ಎಲ್ಲಕ್ಕಿಂತ ಕ್ಷೇಮ. ಬಿಳಿ ಚಿನ್ನದ ಮೇಲೆ ಸಾಮಾನ್ಯವಾಗಿ ರೋಡಿಯಂ ಲೇಪವಿರುತ್ತದೆ, ಅದು ಸವೆದಾಗ ಮರುಲೇಪಿಸಬೇಕು. ಪ್ಲಾಟಿನಂಗೆ ಆ ಕಾಟವಿಲ್ಲ, ಆದರೆ ತೂಕವೂ ಬೆಲೆಯೂ ಹೆಚ್ಚಬಹುದು. ಬೆರಳಿನ ಅಳತೆಯನ್ನು ಸಂಜೆಯ ಹೊತ್ತಿಗೆ ತೆಗೆದುಕೊಳ್ಳಿ, ಚಳಿಯಲ್ಲಿ ಮತ್ತು ಬೆಳಗಿನ ಹೊತ್ತು ಬೆರಳು ಸಣ್ಣಗಾಗಿರುತ್ತದೆ. ಸುತ್ತಲೂ ಹರಳು ಕೂರಿಸಿದ ಉಂಗುರದ ಅಳತೆಯನ್ನು ನಂತರ ಬದಲಾಯಿಸುವುದು ಬಹಳ ಕಷ್ಟ.

ಬಿಡಿ ಹರಳನ್ನು ಅಕ್ಕಸಾಲಿಗರಿಗೆ ಒಪ್ಪಿಸುವಾಗ ಗರ್ಡಲ್ ಮೇಲಿನ ಸಂಖ್ಯೆ ಕೊಕ್ಕೆಯ ಕೆಳಗೆ ಹೋಗದಂತೆ ಕೂರಿಸಲು ಹೇಳಿ. ಉಂಗುರ ಸಿದ್ಧವಾಗಿ ಕೈಗೆ ಬಂದಾಗ, ಹಣದ ಕೊನೆಯ ಕಂತು ಕೊಡುವ ಮುಂಚೆ, ಭೂತಗನ್ನಡಿ ಕೇಳಿ ಪಡೆದು ಆ ಸಂಖ್ಯೆಯನ್ನು ಇನ್ನೊಮ್ಮೆ ಓದಿ ವರದಿಯೊಂದಿಗೆ ತಾಳೆ ನೋಡಿ. ಹರಳು ನಿಮ್ಮ ಕಣ್ಮರೆಯಾಗಿದ್ದ ದಿನಗಳು ಇವೇ. ಆಮೇಲೆ ಉಣ್ಣೆಯ ಬಟ್ಟೆಯ ಮೇಲೆ ಉಂಗುರವನ್ನು ಮೆಲ್ಲಗೆ ಆಡಿಸಿ. ಒಂದು ಎಳೆಯಾದರೂ ಕೊಕ್ಕೆಗೆ ಸಿಕ್ಕಿಕೊಂಡರೆ ಆ ಕೊಕ್ಕೆಯ ತುದಿ ಹರಳಿಗೆ ಪೂರ್ತಿಯಾಗಿ ಒರಗಿಲ್ಲವೆಂದರ್ಥ. ಅಲ್ಲಿಯೇ ಕುಳಿತು ಸರಿಮಾಡಿಸಿಕೊಂಡು ಹೊರಡಿ.